ಶ್ಯಾಂಟಿಲಿಯಲ್ಲಿ ಆಂಟಿ ಕಂಡ ಹುಲಿ

ಆಂಟಿಯ ಬಲಗೈ ಹೆಬ್ಬೆರಳ ಬುಡದಲ್ಲಿ, ಕತ್ತರಿಯ ಹಿಡಿ ಒತ್ತುವ ಜಾಗದಲ್ಲಿ, ಹುಣಸೆಬೀಜದಷ್ಟು ಅಗಲ ಚರ್ಮ ಜಡ್ಡುಗಟ್ಟಿತ್ತು. ಮಾತಾಡುವಾಗ ಅವರು ಅದನ್ನು ತೋರುಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಸವರುವುದು ತಟ್ಟನೆ ನಿಂತಿತೆಂದರೆ ಮುಂದೆ ಬರುವ ಮಾತಿನಲ್ಲಿ ಏನೋ ಕಿತಾಪತಿ ಇದೆ ಎಂದು ಅರ್ಥ. ಇದನ್ನು ಗುರುತಿಸಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಅಮೆರಿಕದ ಶ್ಯಾಂಟಿಲಿ ಎಂಬ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಅವರಿಗೆ ಕೆಲಸ. ಗಿರಾಕಿಗಳು ಕೇಳಿದಷ್ಟು ಗಜ ಬಟ್ಟೆಯನ್ನು ಥಾನಿನಿಂದ ಬಿಚ್ಚಿ, ಮೇಜಿನ ಮೇಲೆ ಹರಡಿ, ಅಳೆದು ಕತ್ತರಿಸಿ ಕೊಡಬೇಕು. ಯಾರು ಎಷ್ಟೇ ಕೇಳಲಿ, ಆಂಟಿ ಒಂದು ಹೆಬ್ಬೆರಳಿನಷ್ಟು ಹೆಚ್ಚಿಗೆ ಬಿಟ್ಟೇ ಕತ್ತರಿ ಹಾಕುತ್ತಿದ್ದರು. ಮ್ಯಾನೇಜರ್ ಗೊಣಗಿದರೆ "ವಾಷಿಂಗ್, ಶ್ರಿಂಕಿಂಗ್" ಎಂದು ಎರಡೇ ಪದದಲ್ಲಿ ಅವನ ಬಾಯಿ ಮುಚ್ಚಿಸುತ್ತಿದ್ದರು. ನನಗೆ ಮಾತ್ರ ಪೂರ್ತಿ ವಿವರಣೆ ಸಿಕ್ಕಿತ್ತು.

"ಅರಿವಿ ಒಗದ ಮ್ಯಾಲ ಸಣ್ಣಾಗ್ತದವಾ. ಮಾತೂ ಅಷ್ಟ. ಕೇಳಿದವರ ಕಿವ್ಯಾಗ ಹೋಗಿ ಸಣ್ಣಾಗ್ತದ. ಅದಕ್ಕ ಹೇಳೂ ಮುಂದನ ಸ್ವಲ್ಪ ಹೆಚ್ಚಿಗಿ ಬಿಟ್ಟು ಹೇಳಬೇಕು."

ಅವರು ಧಾರವಾಡದವರು. ಅಲ್ಲಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಅಂಕಲ್ ಸೇತುವೆ ಕಟ್ಟುವ ಎಂಜಿನಿಯರ್. ನಾನು ಫೇರ್‌ಫ್ಯಾಕ್ಸಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಅವರ ಟೌನ್‌ಹೌಸಿನ ಮೇಲಿನ ಹಿಂಬದಿಯ ಕೋಣೆಯನ್ನು ಬಾಡಿಗೆಗೆ ಹಿಡಿದಾಗ ಅವರು ಅಮೆರಿಕಕ್ಕೆ ಬಂದು ಹತ್ತು ವರ್ಷ ದಾಟಿತ್ತು. ಮೊದಲ ಸಂಜೆ ಆಂಟಿ ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ವಿಚಾರಣೆ ನಡೆಸಿದರು. ಅಪ್ಪ ಏನು ಮಾಡುತ್ತಾರೆ, ಮೈಸೂರಿನಲ್ಲಿ ಮನೆ ಯಾವ ಕಡೆ, ಮದುವೆಯ ವಿಚಾರ ಏನು. ನಾನು ಪ್ರತಿಯೊಂದಕ್ಕೂ ಒಂದು ಪದದ ಉತ್ತರ ಕೊಟ್ಟೆ. ಕೊನೆಯದಕ್ಕೆ ಅದನ್ನೂ ಕೊಡಲಿಲ್ಲ.

"ಏನವಾ, ಮೈಸೂರಾಗ ಮಾತಿಗೂ ಟ್ಯಾಕ್ಸ್ ಹಾಕ್ಯಾರೇನು?" ಎಂದರು.

ಅಂದಿನಿಂದ ಅವರಿಗೆ ನಾನು "ಟ್ಯಾಕ್ಸ್ ಹುಡುಗಿ". ಆದರೆ ನಾನಿದ್ದ ಅಷ್ಟು ಕಾಲದಲ್ಲಿ ಒಂದು ಸಲವೂ ನನ್ನ ಕೋಣೆಯ ಬಾಗಿಲನ್ನು ತಟ್ಟದೆ ತೆರೆದವರಲ್ಲ. ತಟ್ಟುವ ಅಗತ್ಯವೂ ಅವರಿಗೆ ಬೀಳುತ್ತಿರಲಿಲ್ಲ. ಹೇಳಬೇಕಾದ್ದನ್ನು ಮೆಟ್ಟಿಲ ಕೆಳಗೆ ನಿಂತು, ಮೂರು ಮನೆಗೆ ಕೇಳುವಂತೆ ಹೇಳುತ್ತಿದ್ದರು.

ಕಳೆದ ತಿಂಗಳು ಅಂಕಲ್ ಡುಲುತ್‌ನಿಂದ ಫೋನ್ ಮಾಡಿ ಆಂಟಿ ತೀರಿಕೊಂಡ ಸುದ್ದಿ ಹೇಳಿದರು. ಮಗಳು ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದುದರಿಂದ ಅವರಿಬ್ಬರೂ ಶ್ಯಾಂಟಿಲಿಯ ಮನೆ ಮಾರಿ ಅದರ ಪಕ್ಕದ ಡುಲುತ್‌ಗೆ ಹೋಗಿದ್ದರು. ಸುದ್ದಿ ತಿಳಿದವರು ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿದರು. ಪಾಪ, ಎಷ್ಟು ಒಳ್ಳೆಯವರು ಎಂದು ಶುರು ಮಾಡಿದವರು ಸ್ವಲ್ಪ ಹೊತ್ತಿಗೇ ಹುಲಿಯ ಕಥೆಗೆ ಬರುತ್ತಿದ್ದರು, ನಗುತ್ತಿದ್ದರು, ಆಮೇಲೆ ನಕ್ಕಿದ್ದಕ್ಕೆ ನಾಚಿಕೊಳ್ಳುತ್ತಿದ್ದರು. ಆ ಕಥೆ ಡುಲುತ್‌ಗೆ ಹೋದಮೇಲೆ ಚೆನ್ನಾಗಿ ಬೆಳೆದಿದೆ. ಅಲ್ಲಿನ ಕನ್ನಡಿಗರು ನಂಬಿರುವಂತೆ ಹುಲಿ ಶ್ಯಾಂಟಿಲಿಯ ಅಡುಗೆಮನೆಗೇ ನುಗ್ಗಿತ್ತು. ಆಂಟಿ ಲಟ್ಟಣಿಗೆಯಿಂದ ಅದರ ಮೂಗಿಗೆ ಬಾರಿಸಿ ಓಡಿಸಿದರು. ಇದನ್ನು ಅಲ್ಲಿ ಹಬ್ಬಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಅಂಕಲ್, ಆಂಟಿ ಬಿಟ್ಟರೆ ಆ ಮನೆಯಲ್ಲಿದ್ದವಳು ನಾನೊಬ್ಬಳೇ ಆದ್ದರಿಂದ ನಡೆದದ್ದನ್ನು ನಡೆದಷ್ಟೇ ಬರೆದಿಡುತ್ತೇನೆ.

ಮೊದಲು ಅಂಕಲ್ ಬಗ್ಗೆ. ಅವರು ಒಳ್ಳೆಯವರು, ಮಿತಭಾಷಿ, ಮತ್ತು ಎಲ್ಲದರಲ್ಲೂ ಮೊದಲು ಅದು ಹೇಗೆ ಮುರಿಯುತ್ತದೆ ಎಂಬುದನ್ನು ನೋಡುವವರು. ಕುರ್ಚಿ ಕೊಳ್ಳುವ ಮುಂಚೆ ಅದರ ಕಾಲನ್ನು ಅಲ್ಲಾಡಿಸುತ್ತಿದ್ದರು. ಆಂಟಿ ಕಾರು ಕಲಿಯುತ್ತೇನೆ ಎಂದಾಗಲೆಲ್ಲ ಅವರಿಗೆ ಪ್ರತಿ ತಿರುವಿನಲ್ಲೂ ಒಂದು ಅಪಘಾತ ಕಾಣುತ್ತಿತ್ತು. ಹಾಗಿದ್ದರೂ ಆಂಟಿ ಲರ್ನರ್ ಪರ್ಮಿಟ್ಟಿನ ಲಿಖಿತ ಪರೀಕ್ಷೆ ಬರೆಯುತ್ತೇನೆ ಎಂದಾಗ ಅವರು ಒಂದು ಮಾತೂ ಎತ್ತಲಿಲ್ಲ. ಪರೀಕ್ಷೆ ಎಂದರೆ ಒಳ್ಳೆಯದು. ತಾವೇ ಜೊತೆಗೆ ಹೋಗಿ, ಹೊರಗೆ ಕಾದು, ಪಾಸಾದಾಗ ಪೇಡೆ ಕೊಡಿಸಿದರು. ಕಾರಿನ ಬಾಗಿಲು ಮಾತ್ರ ತೆರೆಯಲಿಲ್ಲ.

"ಡಿಗ್ರಿ ಕೊಟ್ಟು ಮನ್ಯಾಗ ಕೂಡ್ರಿಸಿದಂಗ ಆತಿದು," ಎಂದು ಆಂಟಿ ಪರ್ಮಿಟ್ಟನ್ನು ದೇವರ ಮುಂದೆ ಇಟ್ಟಿದ್ದರು. ದೀಪ ಹಚ್ಚುವಾಗ ದಿನವೂ ಅದಕ್ಕೂ ಒಂದು ಹೂವು.

ಅವರು ಮನೆಯ ಹಿಂದಿನ ಕಾಡಿನ ಅಂಚಿನಲ್ಲಿದ್ದ ಕಾಲುದಾರಿಯಲ್ಲಿ ನಡೆದೇ ಅಂಗಡಿಗೆ ಹೋಗಿಬರುತ್ತಿದ್ದರು. ಅಂಕಲ್ ಬೆಳಗಾಗುವ ಮುಂಚೆಯೇ ಹೊರಟು, ಮೆಟ್ರೋ ನಿಲ್ದಾಣದಲ್ಲಿ ಕಾರು ಬಿಟ್ಟು ಕೆಲಸಕ್ಕೆ ರಾಜಧಾನಿ ಡಿ.ಸಿ.ಗೆ ಹೋಗುತ್ತಿದ್ದರು. ಮಗಳು ಬಿಟ್ಟುಹೋದ ಹಳೆಯ ಕಾರು ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಆ ವರ್ಷ ಬೇಸಿಗೆ ಮುಗಿದ ಹೊತ್ತಿಗೆ ಶ್ಯಾಂಟಿಲಿಯ ಅಂಗಡಿ ಮುಚ್ಚುವುದೆಂದು ತೀರ್ಮಾನವಾಯಿತು. ಮ್ಯಾನೇಜರ್ ಆಂಟಿಯನ್ನು ಕರೆದು, ಫೇರ್‌ಫ್ಯಾಕ್ಸಿನ ದೊಡ್ಡ ಅಂಗಡಿಯಲ್ಲಿ ಹೊಲಿಗೆ ತರಗತಿ ಶುರು ಮಾಡುತ್ತಿದ್ದಾರೆ, ಕಲಿಸುತ್ತೀರಾ ಎಂದು ಕೇಳಿದ. ವಾರದಲ್ಲಿ ಎರಡು ದಿನ ತರಗತಿ, ಉಳಿದ ದಿನ ಕೌಂಟರು. ದೀಪಾವಳಿ ಕಳೆದ ಸೋಮವಾರದೊಳಗೆ ಉತ್ತರ ಬೇಕು.

ಆ ಸಂಜೆ ಆಂಟಿ ಮೆಟ್ಟಿಲ ಕೆಳಗಿನಿಂದ ಕೂಗಲಿಲ್ಲ. ಮೇಲೆ ಬಂದು ನನ್ನ ಬಾಗಿಲು ತಟ್ಟಿದರು.

"ಕ್ಲಾಸ್ ಅಂತವಾ," ಎಂದರು. "ಹತ್ತು ವರ್ಷ ಆತು, ಒಬ್ಬರಿಗೂ ಏನೂ ಕಲಿಸಿಲ್ಲ ನಾನು. ಬರೇ ಕತ್ತರಿಸಿ ಕೊಟ್ಟೇನಿ."

ಅಷ್ಟು ಹೇಳಿ ಇಳಿದುಹೋದರು. ಅಂಕಲ್ ಉತ್ತರ ನಮಗೆ ಗೊತ್ತೇ ಇತ್ತು. ಫೇರ್‌ಫ್ಯಾಕ್ಸಿಗೆ ನಡೆಯಲಾಗದು. ಬಸ್ಸು ಎರಡು ಬದಲಿಸಬೇಕು, ಸಂಜೆ ವಾಪಸು ಬರಲು ಒಂದೂ ಇಲ್ಲ. ಕಾರು ಅಪಾಯ. ಮನೆಯಲ್ಲೇ ಆರಾಮವಾಗಿರು.

ಹುಲಿ ಕಂಡದ್ದು ಅದಾದ ವಾರದಲ್ಲಿ.

ಅದಕ್ಕೆ ಮುಂಚೆ ತಟ್ಟೆಯ ವಿಷಯ ಹೇಳಬೇಕು. ಧಾರವಾಡದ ಅವರ ಮನೆಯಲ್ಲಿ ಹಬ್ಬದ ದಿನ ಮೊದಲ ಹೋಳಿಗೆ ಆಕಳಿಗೆ. ಗೋಗ್ರಾಸ ತೆಗೆದಿಡದೆ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಶ್ಯಾಂಟಿಲಿಯಲ್ಲಿ ಆಕಳು ಎಲ್ಲಿಂದ ಬರಬೇಕು? ಮನೆಯ ಹಿಂದಿನ ಕಾಡಿನಿಂದ ಸಂಜೆ ಜಿಂಕೆಗಳು ಬರುತ್ತಿದ್ದವು. ಆಂಟಿ ಒಂದು ಸ್ಟೀಲ್ ತಟ್ಟೆಯಲ್ಲಿ ತುಪ್ಪ ಸವರಿದ ಹೋಳಿಗೆಯನ್ನು ಓಕ್ ಮರದ ಬುಡದಲ್ಲಿ ಇಟ್ಟು ಕೈಮುಗಿದು ಬರುತ್ತಿದ್ದರು.

"ಜಿಂಕೆಗೆ ಗೋಗ್ರಾಸ ಆಗುತ್ತಾ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಯಾಕ ಆಗೂದಿಲ್ಲ? ನಾಕ ಕಾಲದಾವ, ಹುಲ್ಲ ತಿಂತದ, ಮೆಲಕ ಹಾಕ್ತದ. ಇನ್ನೇನ ಬೇಕು? ವೀಸಾದ ಮ್ಯಾಲ ಬಂದ ಆಕಳ ಅಂತ ತಿಳಕೋ."

ಬೆಳಿಗ್ಗೆ ನೋಡಿದರೆ ತಟ್ಟೆ ತೊಳೆದಿಟ್ಟಂತೆ ಇರುತ್ತಿತ್ತು. ಜಿಂಕೆಗಳ ಭಕ್ತಿಯನ್ನು ಆಂಟಿ ಎಲ್ಲರೆದುರೂ ಹೊಗಳುತ್ತಿದ್ದರು. ಪೂರ್ತಿ ಹೋಳಿಗೆಯನ್ನು, ತುಪ್ಪದ ಸಮೇತ, ಒಂದು ಚೂರೂ ಬಿಡದೆ ತಿನ್ನುವ ಜಿಂಕೆ ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತ್ತು. ಆದರೆ ನನಗೆ ಜಿಂಕೆಗಳ ಪರಿಚಯ ಅಷ್ಟಿರಲಿಲ್ಲ.

ಹುಲಿ ಕಂಡ ಸಂಜೆ ಅಂಕಲ್ ಅಡುಗೆಮನೆಯ ಮೇಜಿನ ಮುಂದೆ ಪೇಪರ್ ಓದುತ್ತಿದ್ದರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಆಂಟಿ ಅಂಗಡಿಯಿಂದ ಬಂದು, ಚೀಲ ಕೆಳಗಿಟ್ಟು, ಕುರ್ಚಿಯಲ್ಲಿ ಕೂತರು. ಹೆಬ್ಬೆರಳ ಬುಡವನ್ನು ಸವರಿಕೊಳ್ಳುತ್ತಿದ್ದ ಬೆರಳು ನಿಂತಿತು.

"ನೋಡ್ರಿ, ಹಾದ್ಯಾಗ ಹುಲಿ ಬಂದಿತ್ತು."

ಅಂಕಲ್ ಪೇಪರ್ ಇಳಿಸಲಿಲ್ಲ. "ಏನಂತದು?"

"ನನ್ನ ಜೋಡಿ ಏನ ಮಾತಾಡ್ತದ? ಅದಕ್ಕ ಕನ್ನಡ ಬರೂದಿಲ್ಲ."

"ಇಲ್ಲಿ ಹುಲಿ ಇಲ್ಲ."

"ಮೌಂಟನ್ ಲಯನ್ರಿ, ಗುಡ್ಡದ ಹುಲಿ. ಟಿವ್ಯಾಗ ತೋರಸಲಿಲ್ಲೇನು ಮೊನ್ನೆ, ಗುಡ್ಡದ ಕಡೆ ಯಾರೋ ಕಂಡಾರಂತ. ಅಲ್ಲಿಂದ ಇಲ್ಲಿಗೆ ಬರಾಕ ಅದಕ್ಕೇನು ಲೈಸೆನ್ಸ್ ಬೇಕೇನು?"

ಲೈಸೆನ್ಸ್ ಎಂಬ ಮಾತಿಗೆ ಅಂಕಲ್ ಪೇಪರಿನ ಪುಟ ತಿರುವಿದರು. ಆಂಟಿ ಎದ್ದು, ಗೋಡೆಯ ಉದ್ದಕ್ಕೆ ಕೈಚಾಚಿ ಅಳತೆ ಕೊಟ್ಟರು. ಮೂಗಿನಿಂದ ಬೆನ್ನಿನ ಕೊನೆಯವರೆಗೆ ಎರಡು ಗಜಕ್ಕೆ ಕಮ್ಮಿ ಇಲ್ಲ. ಬಾಲ ಒಂದು ಗಜ, ಮೇಲೊಂದು ಹೆಬ್ಬೆಟ್ಟು.

"ಬಾಲಕ್ಕೂ ಶ್ರಿಂಕೇಜ್ ಬಿಟ್ಟಿ?" ಎಂದರು ಅಂಕಲ್, ಪೇಪರಿನ ಹಿಂದಿನಿಂದ.

ಮರುದಿನ ಆಂಟಿ ಕೌಂಟಿ ಕಚೇರಿಗೆ ಫೋನ್ ಮಾಡಿದರು. ಶನಿವಾರ ಪ್ರಾಣಿ ವಿಭಾಗದ ಅಧಿಕಾರಿಯೊಬ್ಬ ಬಂದ. ವಿನಯವಂತ. ಆಂಟಿಯ ಜೊತೆ ಕಾಲುದಾರಿಯ ಉದ್ದಕ್ಕೂ ನಡೆದ, ನೆಲ ನೋಡಿದ, ಮರಗಳ ತೊಗಟೆ ನೋಡಿದ, ಓಕ್ ಮರದ ಬುಡದಲ್ಲಿ ಸ್ಟೀಲ್ ತಟ್ಟೆ ನೋಡಿ ನಿಂತ. ಇದೇನು ಎಂದು ಕೇಳಿದ. ಆಂಟಿ ತಮ್ಮ ಇಂಗ್ಲಿಷಿನಲ್ಲಿ, ಅದು ಆಕಳಿನ ತಟ್ಟೆ ಎಂದರು. ಅವನು ಸುತ್ತ ನೋಡಿದ. ಆಕಳು ಎಲ್ಲಿ? ಆಂಟಿ ಕಾಡಿನ ಕಡೆ ಕೈತೋರಿಸಿದರು. ಆ ಮನುಷ್ಯ ಏನನ್ನೂ ಬರೆದುಕೊಳ್ಳದೆ ಪೆನ್ನನ್ನು ಜೇಬಿಗೆ ಹಾಕಿಕೊಂಡ.

ಈ ರಾಜ್ಯದಲ್ಲಿ ಈಗ ಆ ಪ್ರಾಣಿ ಇಲ್ಲವೆಂದೇ ನಾವು ತಿಳಿದಿದ್ದೇವೆ, ಜನ ನೋಡುವುದು ಹೆಚ್ಚಾಗಿ ನಾಯಿ, ಇಲ್ಲವೇ ನರಿ, ಎಂದು ಅವನು ಮೆಲ್ಲಗೆ ಹೇಳಿದ. ಹತ್ತಿರದಿಂದ ನೋಡಿದಿರಾ ಎಂದು ಕೇಳಿದ. ಹೌದು, ಅದೂ ನನ್ನನ್ನು ನೋಡಿತು, ಎಂದರು ಆಂಟಿ. ಹೊರಡುವಾಗ ಅವನು, ಜಿಂಕೆಗಳಿಗೆ ತಿನ್ನಲು ಇಡಬೇಡಿ, ಜಿಂಕೆ ಸೇರುವ ಕಡೆಗೆ ಜಿಂಕೆಯನ್ನು ತಿನ್ನುವವೂ ಬರುತ್ತವೆ, ಎಂದ. ಪಾಪ, ಸಾಮಾನ್ಯ ಬುದ್ಧಿಮಾತು. ಆಂಟಿ ಅದನ್ನು ಗಾಳಿಯಲ್ಲೇ ಹಿಡಿದರು. ಅವನ ಗಾಡಿ ತಿರುವು ದಾಟುವ ಮೊದಲೇ ಮನೆಯೊಳಗೆ ಬಂದು ಘೋಷಿಸಿದರು.

"ಕೇಳಿದ್ರೇನು? ತಿನ್ನುವಂಥಾವು ಬರ್ತಾವಂತ. ಸರಕಾರನ ಹೇಳ್ತು!"

"ಅಂವ ತಟ್ಟಿ ಇಡಬ್ಯಾಡ ಅಂದ," ಎಂದರು ಅಂಕಲ್.

"ಹಬ್ಬಕ್ಕ ಕೌಂಟಿ ಪರ್ಮಿಷನ್ ಯಾಕ ಬೇಕು?"

ಹುಲಿ ತಿರುಗುವ ದಾರಿಯಲ್ಲಿ ನಡೆಯಲಾಗದು, ಕಾರು ಕಲಿಸಿ ಎಂದರೂ ಅಂಕಲ್ ಜಗ್ಗಲಿಲ್ಲ. ಆಂಟಿಯ ಮುಂದಿನ ಗುರಿ ನಾನು. ಭಾನುವಾರ ಬಟ್ಟೆ ಮಡಿಸುತ್ತ, ನನ್ನ ದುಪಟ್ಟಾವನ್ನು ಅಗತ್ಯಕ್ಕಿಂತ ಸಣ್ಣದಾಗಿ ಮಡಿಸುತ್ತ, "ನೀನೂ ನೋಡೀನಿ ಅಂತ ಒಂದ ಮಾತ ಒಗದುಬಿಡು," ಎಂದರು. "ನಾ ಹೇಳಿದ್ರ ಕಥಿ. ನೀ ಹೇಳಿದ್ರ ಸುದ್ದಿ."

"ನಾನು ನೋಡಿಲ್ವಲ್ಲ ಆಂಟಿ."

"ಹಂಗಾರ ನೋಡು! ಯಾರ ಬ್ಯಾಡ ಅಂದಾರ? ನಿನ್ನ ಖೋಲಿಗೆ ಕಿಟಕಿ ಅದ, ನಿನಗ ಕಣ್ಣದಾವ."

ನಾನು ಕಿಟಕಿಯ ಬಳಿ ಕೂರಲು ಶುರು ಮಾಡಿದ್ದು ಅವರ ಮಾತಿಗೆ ಅಲ್ಲ ಎಂದುಕೊಂಡಿದ್ದೆ. ಆಫೀಸಿನಿಂದ ಬಂದಮೇಲೆ ಅಲ್ಲಿ ಕೂತು ಓದುವುದು ಹಿತವಾಗಿತ್ತು, ಅಷ್ಟೇ. ಆದರೆ ಪುಟಗಳು ತಿರುಗುತ್ತಿರಲಿಲ್ಲ. ಎಲೆ ಉದುರಿದ ಕಾಡು ಸಂಜೆಯ ಬೆಳಕಿನಲ್ಲಿ ಪೂರ್ತಿ ಒಣಹುಲ್ಲಿನ ಬಣ್ಣದ್ದಾಗಿ, ಅದರಲ್ಲಿ ಏನು ನಡೆದರೂ ಹುಲಿಯ ಹಾಗೆ ಕಾಣುತ್ತಿತ್ತು. ಒಮ್ಮೆ ಅಳಿಲನ್ನು ನೋಡಿ ಎದ್ದು ನಿಂತಿದ್ದೆ.

ದೀಪಾವಳಿಯ ಸಂಜೆ ಆಂಟಿ ಓಕ್ ಮರದ ಬುಡದಲ್ಲಿ ತಟ್ಟೆ ಇಟ್ಟು ಒಳಗೆ ಬಂದರು. ಇನ್ನೂ ಬೆಳಕಿತ್ತು. ಪೊದೆಗಳ ನಡುವಿನಿಂದ ಅದು ಬಂತು. ಒಣಹುಲ್ಲಿನ ಬಣ್ಣ. ಉದ್ದ ಮೈ, ಉದ್ದ ಬಾಲ. ತಲೆ ತಗ್ಗಿಸಿ, ಕಾಲನ್ನು ಒಂದೊಂದಾಗಿ ಎತ್ತಿಡುತ್ತ, ಸದ್ದೇ ಇಲ್ಲದೆ ಮರದ ಹತ್ತಿರ ಬಂತು. ತಟ್ಟೆಯ ಮುಂದೆ ನಿಂತು, ಒಮ್ಮೆ ಮನೆಯ ಕಡೆ ನೋಡಿ, ಹೋಳಿಗೆಯನ್ನು ಎರಡು ತುತ್ತಿಗೆ ಮುಗಿಸಿತು. ಆಮೇಲೆ ತಟ್ಟೆಯನ್ನು ಮೂಗಿನಿಂದ ತಳ್ಳುತ್ತ ನೆಕ್ಕತೊಡಗಿದಾಗ ಅದರ ಕತ್ತಿನಲ್ಲಿದ್ದ ಕೆಂಪು ಪಟ್ಟಿ ಕಾಣಿಸಿತು. ಬೀದಿಯ ಮೂಲೆಮನೆಯವರ ನಾಯಿ. ಕಳ್ಳತನದ ನಡಿಗೆ ಬಿಟ್ಟರೆ ಬಹಳ ಸಭ್ಯ ಪ್ರಾಣಿ.

ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಿರಲಿಲ್ಲ.

ಮರುದಿನ ಶನಿವಾರ ಮಧ್ಯಾಹ್ನ ಮನೆಯಲ್ಲಿ ಹಬ್ಬದ ಊಟ. ಹತ್ತಿರದ ನಾಲ್ಕಾರು ಕನ್ನಡ ಕುಟುಂಬಗಳು ಬಂದಿದ್ದವು. ನನ್ನ ಆಫೀಸಿನಲ್ಲೇ ಇದ್ದ ಒಬ್ಬ ಬೆಂಗಳೂರಿನವರು, ಅವರ ಹೆಂಡತಿ, ಅವರ ಏಳು ವರ್ಷದ ಮಗಳು ಕೂಡ. ತಟ್ಟೆಗಳು ತುಂಬಿದ ಮೇಲೆ ಆಂಟಿ ಹುಲಿಯನ್ನು ಹೊರತೆಗೆದರು. ಚೆನ್ನಾಗಿಯೇ ಹೇಳಿದರು. ಹಾದಿ, ಸಂಜೆ, ಕಣ್ಣಿಗೆ ಕಣ್ಣು, ಬಾಲದ ಅಳತೆ. ಆದರೆ ಬೆಂಗಳೂರಿನವರು ನಗೆ ತಡೆಯಲಿಲ್ಲ.

"ಆಂಟಿ, ಸೀರಿಯಸ್ಲಿ? ಅದೆಲ್ಲ ವೆಸ್ಟ್‌ನಲ್ಲಿ ಇರೋದು. ನಿಮ್ಮ ಒಗ್ಗರಣೆ ಸ್ಮೆಲ್‌ಗೆ ಫ್ಲೈಟ್ ಹಿಡ್ಕೊಂಡು ಬಂತಾ?"

ಎಲ್ಲರೂ ನಕ್ಕರು. ಹುಡುಗಿ ಮಾತ್ರ, "ಆಂಟಿ, ಡಿಡ್ ಇಟ್ ರೋರ್?" ಎಂದು ಗಂಭೀರವಾಗಿ ಕೇಳಿದಳು. ಆಂಟಿಯೂ ಎಲ್ಲರ ಜೊತೆ ನಗಲು ಬಾಯಿ ತೆರೆದರು. ಹೆಬ್ಬೆರಳ ಬುಡದ ಮೇಲೆ ಬೆರಳು ನಿಂತಿತು. ನಾನು ಮುಂದಿನ ಮಾತಿಗೆ ಕಾದೆ. ಅವರು ಖಾಲಿಯಾಗದ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ನಡೆದರು.

"ಸೋಮವಾರ ಆ ಮ್ಯಾನೇಜರ್‌ಗ ಆಗೂದಿಲ್ಲ ಅಂತ ಹೇಳಿಬಿಡ್ತಾಳ," ಎಂದರು ಅಂಕಲ್, ಯಾರನ್ನೂ ನೋಡದೆ. "ಈ ವಯಸ್ಸಿನಾಗ ಯಾಕ ತ್ರಾಸು. ಮನ್ಯಾಗ ಆರಾಮ ಇರ್ತಾಳ."

"ನಾನೂ ನೋಡಿದೆ," ಎಂದೆ.

ಆ ಮನೆಯಲ್ಲಿ ನಾಲ್ಕು ಜನರೆದುರು, ಕೇಳದೆ, ನಾನಾಗಿ ಆಡಿದ ಮೊದಲ ಮಾತು ಅದು.

"ಏನ್ ನೋಡಿದ್ರಿ?" ಎಂದರು ಬೆಂಗಳೂರಿನವರು.

"ಒಂದು ಪ್ರಾಣಿ. ನಿನ್ನೆ ಸಂಜೆ. ನನ್ನ ಕಿಟಕಿಯಿಂದ."

"ಯಾವ ಕಲರ್?"

"ಒಣಹುಲ್ಲಿನ ಬಣ್ಣ."

"ದೊಡ್ಡದಾ?"

"ದೊಡ್ಡದೇ. ಮೈ ಉದ್ದಕ್ಕಿತ್ತು. ತಲೆ ತಗ್ಗಿಸ್ಕೊಂಡು, ಸದ್ದಿಲ್ದೆ ಬಂತು."

"ಬಾಲ?"

"ಉದ್ದ."

"ಡಿಡ್ ಇಟ್ ರೋರ್?" ಎಂದಳು ಹುಡುಗಿ.

"ಇಲ್ಲ ಪುಟ್ಟಾ. ತಿಂತಾ ಇತ್ತು."

"ಅಯ್ಯೋ! ಯಾರನ್ನ?" ಎಂದು ಅವಳ ತಾಯಿ ತಟ್ಟೆಯನ್ನೇ ಕೆಳಗಿಟ್ಟರು.

"ಯಾರನ್ನೂ ಅಲ್ಲ. ಜಿಂಕೆ ಬರೋ ಜಾಗದಲ್ಲಿ ನಿಂತು ತಿಂತಾ ಇತ್ತು. ಜಿಂಕೆ ಒಂದೂ ಇರ್ಲಿಲ್ಲ."

ನಾನು ಹೇಳಿದ ಪ್ರತಿ ಮಾತೂ ನಿಜ. ಇಂದಿಗೂ ಅದರಲ್ಲಿ ತಿದ್ದಬೇಕಾದ್ದು ಏನೂ ಇಲ್ಲ. ಕತ್ತಿನಲ್ಲಿ ಪಟ್ಟಿ ಇತ್ತೇ ಎಂದು ಯಾರಾದರೂ ಕೇಳಿದ್ದರೆ ಇತ್ತು ಎನ್ನುತ್ತಿದ್ದೆ. ಹುಲಿಯ ಬಗ್ಗೆ ಅಂಥ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಬೆಂಗಳೂರಿನವರ ಮುಖದಲ್ಲಿ ನಗೆ ಇಳಿಯಿತು. ಆಫೀಸಿನಲ್ಲಿ ನಾನು ನೋಡಿ ಸರಿ ಎಂದ ಪ್ರೋಗ್ರಾಮನ್ನು ಅವರು ಮತ್ತೆ ನೋಡುತ್ತಿರಲಿಲ್ಲ. "ಇವ್ರು ಹೇಳಿದ್ಮೇಲೆ ಇದ್ರೂ ಇರ್ಬೋದು ಕಣೇ," ಎಂದು ಹೆಂಡತಿಗೆ ಪಿಸುಗುಟ್ಟಿದರು. ಆಕೆ ನೇರವಾಗಿ ಅಂಕಲ್ ಕಡೆ ತಿರುಗಿದರು.

"ಅಂಕಲ್, ಆಂಟೀನ ಇನ್ಮೇಲೆ ಆ ದಾರೀಲಿ ಕಳ್ಸ್‌ಬೇಡಿ. ಗ್ಯಾರೇಜಲ್ಲಿ ಕಾರು ಸುಮ್ನೆ ನಿಂತಿದ್ಯಲ್ಲ. ಡ್ರೈವಿಂಗ್ ಕಲಿಸಿ. ಏನಾದ್ರೂ ಆದ್ರೆ ಏನ್ ಮಾಡ್ತೀರಾ?"

ಹೌದು ಹೌದು ಎಂದರು ಎಲ್ಲರೂ. ಆಂಟಿ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಂಕಲ್ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

"ಆತು," ಎಂದರು ಕೊನೆಗೆ. "ಕಲೀಲಿ."

ಆಂಟಿ ಆಮೇಲೆ ಎಲ್ಲರಿಗೂ ಎರಡೆರಡು ಸಲ ಸಾರು ಬಡಿಸಿದರು, ಪಾಯಸದ ಮೇಲೂ ಬಡಿಸಲು ಹೊರಟಿದ್ದರು.

ಎಲ್ಲರೂ ಹೋದಮೇಲೆ ಅಂಕಲ್ ಪಾತ್ರೆ ತೊಳೆದರು, ನಾನು ಒರೆಸಿದೆ. ಅದು ಆ ಮನೆಯಲ್ಲಿ ನಮ್ಮಿಬ್ಬರ ಪಾಲಿನ ಕೆಲಸ. ಆಂಟಿ ಮೇಲೆ ಯಾರಿಗೋ ಫೋನಿನಲ್ಲಿ ಹುಲಿಗೆ ಸಾಕ್ಷಿ ಸಿಕ್ಕಿದ್ದನ್ನು ಹೇಳುತ್ತಿದ್ದರು. ಅಂಕಲ್ ಬಾಣಲೆ ಉಜ್ಜುತ್ತ, ತಲೆ ಎತ್ತದೆ ಕೇಳಿದರು.

"ತಂಗಿ, ಪಟ್ಟಿ ಯಾವ ಬಣ್ಣದ್ದಿತ್ತು?"

ಕೈಯಲ್ಲಿದ್ದ ಲೋಟವನ್ನು ನಾನು ಇನ್ನೊಮ್ಮೆ ಒರೆಸಿದೆ. "ಕೆಂಪು, ಅಂಕಲ್."

"ಹೂಂ. ನಾನೂ ಸಂಜಿಮುಂದ ಅಲ್ಲೇ ಅಡ್ಯಾಡ್ತೀನಿ. ನಂದೂ ಅದರದೂ ಪರಿಚಯ ಅದ." ಬಾಣಲೆಯನ್ನು ತಿರುವಿ ಹಾಕಿದರು. "ಹುಲಿ ಆಕಿಗೆ ಏನೂ ಮಾಡೂದಿಲ್ಲ, ನನಗ ಗೊತ್ತದ. ರಸ್ತೆ ಹಂಗಲ್ಲ ನೋಡು. ಅಲ್ಲಿ ಆಕಿಗೆ ಏನಾರ ಆತಂದ್ರ ನಾ ಏನ ಮಾಡ್ಲಿ?"

ನಾನು ಒರೆಸಿದ ಲೋಟವನ್ನು ಕಪಾಟಿನಲ್ಲಿಟ್ಟೆ.

"ಎಲ್ಲಾರ ಮುಂದ ಹೂಂ ಅಂದೀನಿ, ಇನ್ನ ತಿರಗಾಕ ಬರೂದಿಲ್ಲ," ಎಂದರು. "ಆದ್ರ ನಾ ಬಾಜೂಕ ಕುಂತ್ರ ಇಬ್ಬರೂ ಸಾಯ್ತೀವಿ, ನಾ ಒದರೂದಕ್ಕ. ನೀ ಕಲಸು. ಮಗಳ ಕಾರಿನ ಬ್ಯಾಟರಿ ಹೋಗ್ಯದ, ನಿನ್ನ ಕಾರಿನಾಗ ಕಲಸು. ಸುಳ್ಳ ಹೇಳಿದಾಕಿ ನೀನ."

"ನಾನು ಸುಳ್ಳು ಹೇಳ್ಲಿಲ್ಲ ಅಂಕಲ್."

"ಅದಕ್ಕ ಅಂತೀನಿ. ಸುಳ್ಳ ಹೇಳಿದ್ರ ಸುಮ್ನ ಬಿಡ್ತಿದ್ದೆ, ನೀ ಖರೇನ ಹೇಳಿ ನನ್ನ ಸಿಗಿಸಿದಿ."

ಭಾನುವಾರ ಬೆಳಿಗ್ಗೆ ಆಂಟಿ ತಲೆಸ್ನಾನ ಮಾಡಿ, ಹೊಸ ಇಳಕಲ್ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ದೇವರ ಮುಂದಿನ ಪರ್ಮಿಟ್ಟನ್ನು ಪರ್ಸಿಗೆ ಸೇರಿಸಿ ಡ್ರೈವ್‌ವೇಗೆ ಬಂದರು. ನಾನು ಕೀಲಿಕೈ ಕೊಟ್ಟೆ. ಅದುವರೆಗೆ ಆ ಕಾರನ್ನು ನಾನಲ್ಲದೆ ಯಾರೂ ಓಡಿಸಿರಲಿಲ್ಲ. ಅವರು ಬಾಗಿಲು ತೆಗೆದು, ಒಳಗೆ ಕಾಲಿಡುವ ಮುನ್ನ ಚಪ್ಪಲಿ ಬಿಟ್ಟರು. ಹೊಲಿಗೆ ಯಂತ್ರದ ಮುಂದೆಯೂ ಹಾಗೆಯೇ ಕೂರುತ್ತಿದ್ದರಂತೆ. ವಿದ್ಯೆ ಕಲಿಯುವಾಗ ಕಾಲಿಗೆ ಚಪ್ಪಲಿ ಬೇಡ ಎಂದರು. ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಹತ್ತಿರದ ಶಾಲೆಯ ಖಾಲಿ ಪಾರ್ಕಿಂಗ್ ಲಾಟಿಗೆ ಪಕ್ಕದಲ್ಲಿ ಕೂತು ಹೇಳಿಕೊಡುತ್ತ ಕರೆದೊಯ್ದೆ. ಆಂಟಿ ಆಕ್ಸಿಲರೇಟರನ್ನು ಹೊಲಿಗೆ ಯಂತ್ರದ ಹಾಗೆ ತುಳಿಯುತ್ತಿದ್ದರು. ಒತ್ತಿ ಬಿಡು, ಒತ್ತಿ ಬಿಡು. ಕಾರು ಬಾಗಿ ಏಳುತ್ತ ಸಾಗುತ್ತಿತ್ತು.

"ಒಂದೇ ಸಮ ಒತ್ತಿ ಆಂಟಿ."

"ಹಂಗ ಒತ್ತಿದ್ರ ದಾರ ಹರೀತದವಾ."

"ಇಲ್ಲಿ ದಾರ ಇಲ್ಲ."

"ಹೌದಲ್ಲ," ಎಂದು ಒಂದೇ ಸಮ ಒತ್ತಿದರು. ಲಾಟಿನ ಸುತ್ತ ಕಾರು ನೀರಿನಂತೆ ತಿರುಗಿತು. ಮತ್ತೆ ತಿರುಗಿತು. ಆಮೇಲೆ ಲಾಟಿನ ಬಾಗಿಲಿಗೆ ಬಂದು, ನಾನು ಹೇಳಿಕೊಟ್ಟಂತೆ ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ಬಲಕ್ಕೆ ಸಿಗ್ನಲ್ ಹಾಕಿದರು.

"ಆಂಟಿ, ಎಡಕ್ಕೆ. ಮನೆ ಎಡಕ್ಕೆ."

"ಎಡಕ್ಕ ಮನಿ ಅದ, ಬಲಕ್ಕ ಫೇರ್‌ಫ್ಯಾಕ್ಸ್ ಅದ. ಮ್ಯಾನೇಜರ್ ಇವತ್ತು ಅಲ್ಲೇ ಇರ್ತಾನ, ಹೊಸಾ ಅಂಗಡಿ ಜೋಡಸ್ತಾನ." ಸ್ಟೀರಿಂಗ್ ಮೇಲಿದ್ದ ಎರಡೂ ಕೈ ಬಿಗಿಯಾಗಿದ್ದವು. "ಸೋಮವಾರ ನಾನು ಹೆದರಿಬಿಟ್ರ?"

ಭಾನುವಾರ ಬೆಳಗಿನ ರಸ್ತೆ ಖಾಲಿಯಿತ್ತು. ಬಲಗಡೆಯ ಲೇನಿನಲ್ಲೇ, ಎತ್ತಿನ ಗಾಡಿಗಿಂತ ಸ್ವಲ್ಪ ವೇಗವಾಗಿ ಹೋಗುತ್ತಿದ್ದೆವು. ನಾನು ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟು ಎಡ, ಬಲ, ನಿಧಾನ, ಎಂಬ ಮೂರು ಪದಗಳನ್ನಷ್ಟೇ ಬಳಸಿದೆ. ಮೊದಲ ಕೆಂಪು ದೀಪದಲ್ಲಿ ನಿಂತಾಗ ಕನ್ನಡಿಯಲ್ಲಿ ನೋಡಿದೆ. ನಮ್ಮ ಹಿಂದೆಯೇ ಅಂಕಲ್ ಕಾರು. ಎರಡೂ ಕಡೆಯ ದೀಪ ಮಿಣುಕಿಸುತ್ತ, ಬೇರೆ ಯಾರೂ ನಮ್ಮ ಬೆನ್ನಿಗೆ ಬರದಂತೆ ಅಡ್ಡ ಬಿದ್ದು ಬರುತ್ತಿತ್ತು. ಆಂಟಿಯೂ ನೋಡಿದರು. ದೀಪ ಹಸಿರಾದಾಗ ಒಂದೇ ಸಮ ಒತ್ತಿದರು.

ಅಂಗಡಿಯ ಮುಂದೆ ಎರಡು ಕಾರಿನ ಜಾಗ ಹಿಡಿದು ನಿಲ್ಲಿಸಿ, ಬಾಗಿಲು ತೆಗೆದು, ತಣ್ಣನೆಯ ಡಾಂಬರಿನ ಮೇಲೆ ಬರಿಗಾಲಿಟ್ಟ ಮೇಲೆಯೇ ಅವರಿಗೆ ನೆನಪಾದದ್ದು. ಚಪ್ಪಲಿ ಡ್ರೈವ್‌ವೇಯಲ್ಲೇ ಉಳಿದಿತ್ತು. ಅಷ್ಟರಲ್ಲಿ ಅಂಕಲ್ ಪಕ್ಕದಲ್ಲಿ ಬಂದು ನಿಲ್ಲಿಸಿ ಇಳಿದರು. ಅವರ ಕೈಯಲ್ಲಿ ಆ ಜೋಡಿ ಚಪ್ಪಲಿ ಇತ್ತು. ಬಗ್ಗಿ, ಅವರ ಕಾಲಿನ ಮುಂದೆ ಇಟ್ಟರು.

"ನಾ ಹೆಂಗ ಓಡಿಸಿದೆ?" ಎಂದರು ಆಂಟಿ.

"ಎಡಗಡೆ ಬ್ರೇಕ್ ಲೈಟ್ ಹತ್ತವಲ್ದು," ಎಂದರು ಅಂಕಲ್ ನನ್ನ ಕಡೆ ತಿರುಗಿ. "ಮಾಡಿಸ್ಕೊ ತಂಗಿ."

ಆಂಟಿ ಅವರ ಹೆಗಲು ಹಿಡಿದುಕೊಂಡು ಒಂದು ಚಪ್ಪಲಿ ಮೆಟ್ಟಿದರು, ಇನ್ನೊಂದು ಮೆಟ್ಟಿದರು, ಸೆರಗು ಸರಿಮಾಡಿಕೊಂಡರು, ಮತ್ತು ನನ್ನ ಕಾರಿನ ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡೇ ಅಂಗಡಿಯೊಳಗೆ ಹೋದರು.